ಮೋಹಿನಿಯ ಬಟನ್ನು, ನನ್ನ ಎಬ್ಬೆಟ್ಟು

ಬರ್ಕೊಳವ್ವ ದೀಪಿಕ. ನೀನು ಇಸ್ಕೂಲ್ ಮಿಸ್ಸು, ನಿನ್ ಅಕ್ಸರ ದುಂಡಗಿರ್ತವೆ. ನಮ್ ಗುತ್ತಲು ಬೀದಿ ಎಣ್ಮಕ್ಳ ಬಗ್ಗೆ ಪುಸ್ತಕ ಮಾಡ್ತೀವಿ, ಮೊಮ್ಮಗಳ ಬಗ್ಗೆ ನೀವೇ ಯೋಳ್ಬೇಕು ದೇವಿರಮ್ಮ ಅಂದ್ಯಲ್ಲ, ಯೋಳ್ತೀನಿ. ಅವಳ್ನೇ ಕೇಳಿದ್ರೆ ‘ನಂದೇನದೆ, ಬಟನ್ ಮಾಡ್ತೀನಿ’ ಅಂದ್ಬುಟ್ಟು ಎದ್ದೋಯ್ತಾಳೆ. ಮಾತು ಕಮ್ಮಿ. ಅವಳ್ ಪಾಲಿಂದೂ ನಂಗೇ ಬಂದದೆ.

ಮೋಹಿನಿ ನನ್ ಮಗ ಪ್ರಸನ್ನನ ಮಗ್ಳು. ಪ್ರಸನ್ನ ಕರೆಂಟು ಲೈನ್‌ಮನ್ನು, ನಿಂಗೊತ್ತಲ್ಲ, ಓದ್ ಮಳೇಲಿ ನಿಮ್ಮನೆ ಮುಂದ್ಲ ಕಂಬ ಅತ್ತಿ ತಂತಿ ಕಟ್ಟಿದ್ನಲ್ಲ. ಟೀ ಕೊಟ್ಟಿದ್ದೆ ನೀನು. ಸಕ್ರೆ ಜಾಸ್ತಿ ಆಗಿತ್ತಂತೆ. ಇರ್ಲಿ. ಇವ್ಳು ಡಿಪ್ಲೊಮಾ ಓದವ್ಳೆ. ಮಧ್ಯಾನದ್ ಗಂಟ ಮಂಡ್ಯದ್ ಒಂದು ಕಾಲೇಜಲ್ಲಿ ಕಂಪ್ಯೂಟ್ರು ರೂಮು ನೋಡ್ಕತಾಳೆ. ಅದು ಸಂಬ್ಳದ್ ಕೆಲ್ಸ. ಮನ್ಗೆ ಬಂದು ಮುದ್ದೆ ಉಂಡು ಕಿಟ್ಕಿ ತಾವ ಕೂತ್ಕತಾಳಲ್ಲ, ಅದು ಅವಳ್ ಕೆಲ್ಸ. ಅದಕ್ಕೆ ಯಾರೂ ಸಂಬ್ಳ ಕೊಡಲ್ಲ. ಬೀದಿಯೋರು ಕೇಳೋರು, ‘ಕಾಸಿಲ್ದಿದ್ ಕೆಲ್ಸ ಅದೇನಮ್ಮ?’ ಅಂತ. ‘ನೀನು ನಿಮ್ಮತ್ತೆ ಕಾಲ್ ಅಮುಕಿದ್ದಕ್ಕೆ ಕಾಸ್ ಇಸ್ಕಂಡಿದ್ಯೇನವ್ವ?’ ಅಂದಿವ್ನಿ ನಾನು.

ಏನ್ ಕೆಲ್ಸ ಅಂದ್ರೆ, ಕಂಪ್ಯೂಟ್ರು ಪರದೆ ಮ್ಯಾಲೆ ಒತ್ತೋ ಬಟನ್ನು, ಆರ್ಸ್ಕೊಳೋ ಪಟ್ಟಿ, ಎಸ್ರು ಬರಿಯೋ ಚೌಕ, ಮ್ಯಾಕೂ ಕೆಳಕ್ಕೂ ಎಳಿಯೋ ಕಡ್ಡಿ ಇರ್ತವಲ್ಲ, ಅವ್ನ ಮಾಡೋ ಸಾಮಾನು. ಆಲೆಮನೇಲಿ ಬೆಲ್ಲ ಉಯ್ಯೋ ಅಚ್ಚು ನೋಡಿದ್ಯಲ್ಲ, ಅಂಗೆ. ಇವ್ಳು ಬೆಲ್ಲ ಮಾಡಲ್ಲ, ಅಚ್ಚು ಮಾಡ್ತಾಳೆ. ಯಾರ್ ಬೇಕಾದ್ರೂ ತಕ್ಕಂಡೋಗಿ ಅವರವ್ರ ಬೆಲ್ಲ ಉಯ್ಕಬೋದು. ಅಚ್ಚನ್ನ ಎಂಗೆ ಕೆತ್ತುದ್ಲು ಅನ್ನೋದ್ನೂ ಬಚ್ಚಿಡಲ್ಲ, ಎಲ್ಲಾರ್ಗೂ ಕಾಣಂಗೆ ಇಟ್ಟಿರ್ತಾಳೆ. ಸರಿ ಇಲ್ವಾ, ನೀನೇ ತಿದ್ದು ಅಂತಾಳೆ. ನಿಡಘಟ್ಟದ ಡೈರೀಲಿ ಆಲು ಅಳಿಯೋ ಪರದೆ ಇವಳ್ ಅಚ್ಚಲ್ಲೇ ಆಗಿರೋದು. ಯಾವ್ಯಾವ್ದೋ ದೇಸದೋರೂ ತಕ್ಕಂಡವ್ರೆ. ಅವ್ರಲ್ಲಿ ಕೆಲವ್ರು ಇವಳ್ ಜೊತೆ ಕೂಡ್ಕಂಡು ಕೆತ್ತುತಾರೆ, ಕಾಗ್ದ ಬರೀತಾರೆ, ಜಗಳ ಆಡ್ತಾರೆ. ಒಬ್ರ್ ಮೊಕ ಒಬ್ರು ನೋಡಿಲ್ಲ, ಜಗಳ ಮಾತ್ರ ದಿನಾ.

ಅದಕ್ಕೆ ಅವ್ಳು ಇಟ್ಟಿರೋ ಎಸ್ರು ‘ಜಗಲಿ’ ಅಂತ. ಯಾಕೆ ಅಂತ ಬರ್ಕೋ. ಆಗಿನ್ನೂ ನಾವು ವೈದ್ಯನಾಥಪುರದ್ ತಾವ ನಮ್ಮಳ್ಳೀಲಿ ಇದ್ವು. ಇವಳ್ಗೆ ಆರು ವರ್ಸ. ಚಪ್ಲಿ ಕಿತ್ತೋಗಿ, ಸರಿ ಮಾಡ್ಕಳಕೆ ದೊಡ್ಡೋರ್ ಮನೆ ಜಗ್ಲಿ ಮ್ಯಾಲೆ ಕೂತವ್ಳೆ. ಒಳಗಿಂದ ಒಬ್ರು ಬಂದು, ‘ಏಯ್, ಇಳಿಯಮ್ಮಿ ಕೆಳೀಕೆ’ ಅಂದ್ರಂತೆ. ‘ಯಾಕೆ?’ ಅಂದ್ಲಂತೆ ಇವ್ಳು. ‘ನಿಮ್ಮಜ್ಜಿನ ಕೇಳೋಗು.’ ಬಂದು ನನ್ ಕೇಳುದ್ಲು. ನಾನೇನ್ ಯೋಳ್ಲವ್ವ? ನಮ್ಮವ್ವಂಗೂ ಗೊತ್ತಿರ್ನಿಲ್ಲ, ನಂಗೂ ಗೊತ್ತಿಲ್ಲ. ಸೊಪ್ಪು ಸೋಸ್ತಾ ಕೂತೆ. ಮಾರ್ನೆ ದಿನ ಓಗಿ ಮತ್ತೆ ಅಲ್ಲೇ ಕೂತ್ಕಂಡ್ಲು. ಚಪ್ಲಿ ಸರಿಯಾಗೇ ಇತ್ತು. ಅದರ್ ಮಾರ್ನೆ ದಿನಾನೂ ಕೂತ್ಲು. ಈ ಕಂಪ್ಯೂಟ್ರು ಸಾಮಾನಿಗೆ ಎಸ್ರು ಇಡೋವಾಗ, ‘ಈ ಜಗ್ಲಿಂದ ಯಾರ್ನೂ ಇಳ್ಸಂಗಿಲ್ಲ ಅಜ್ಜಿ’ ಅಂದ್ಲು. ಅಷ್ಟೇಯ. ನಾನ್ ಒಳಿಕೋಗಿ ಮೊಕ ತೊಳ್ಕಂಡು ಬಂದೆ.

ಈಗ ನನ್ ಎಬ್ಬೆಟ್ಟಿನ ಕತೆ. ಎಡದ್ ಕಣ್ಗೆ ಪೊರೆ ಬಂದಿತ್ತು. ನನ್ ತಂಗಿ ಮಲ್ಲಿಗಮ್ಮ ಮಳವಳ್ಳೀಲಿ ಅವ್ಳೆ, ‘ಇಲ್ಲೊಂದು ಕಣ್ಣಿನಾಸ್ಪತ್ರೆ ಅದೆ ಬಾರಕ್ಕ’ ಅಂದ್ಲು. ಓದ್ವಿ. ಬಾಗ್ಲಲ್ಲೇ ಒಂದು ಮಿಸೀನು ನಿಲ್ಸವ್ರೆ. ಪರದೆ ಮ್ಯಾಲೆ ಕಣ್ಣಿನ ಚಿತ್ರ ಒತ್ತಿದ್ರೆ ಟೋಕನ್ನು ಬತ್ತದಂತೆ. ಒತ್ತುದೆ. ಒತ್ತಿ ಇಡ್ಕಂಡೆ. ಟೋಕನ್ನು ಬರ್ಲಿಲ್ಲ, ಇನ್ಯಾವ್ದೋ ಪಟ್ಟಿ ಬಂತು, ಕನ್ನಡಕದ್ ಅಂಗ್ಡಿ ಜಾಹೀರಾತು ಬಂತು. ಇನ್ನೊಂದ್ಸಾರಿ ಒತ್ತಿ ಇಡ್ಕಂಡೆ. ಮತ್ತೆ ಅದೇಯ. ಇಂದ್ಗಡೆ ಸಾಲು ಬೆಳೀತು. ಯಾವನೋ ಕೂಗ್ದ, ‘ಏ ಎಬ್ಬೆಟ್ಟಮ್ಮ, ಸರ್ಕಳಮ್ಮ ಅತ್ಲಾಗೆ!’ ಮಲ್ಲಿಗಮ್ಮ ಜಗಳಕ್ಕೆ ನಿಂತ್ಲು, ನಾನು ಅವಳ್ ಕೈ ಇಡ್ಕಂಡು ಈಚೆಗ್ ಬಂದ್ಬುಟ್ಟೆ. ಕಣ್ಣು ತೋರುಸ್ನಿಲ್ಲ.

ಮನೇಲಿ ಇದ್ನ ನಗ್ತಾ ನಗ್ತಾನೇ ಯೋಳ್ದೆ. ಮೋಹಿನಿ ನಗ್ನಿಲ್ಲ. ‘ಅಜ್ಜಿ, ಆ ಬಟನ್ನು ಒತ್ತಿದ್ ತಕ್ಸಣ ಒಂದ್ಚೂರು ಉಬ್ಬಿ ಮೂಲೆ ದುಂಡಗಾಯ್ತಾ?’ ಅಂದ್ಲು. ಊ ಅಂದೆ. ಅವಳ್ ಮೊಕ ಸಪ್ಪಗಾಯ್ತು. ‘ಅದು ನನ್ ಜಗ್ಲಿದೇ ಬಟನ್ನು’ ಅಂದ್ಲು.

‘ಅಂಗಾರೆ ನೀನೇ ಏನವ್ವ ನನ್ ಓಡ್ಸಿದ್ದು?’ ಅಂದೆ ತಮಾಸೆಗೆ. ಅನ್ಬಾರ್ದಿತ್ತು.

‘ಅಜ್ಜಿ, ಒತ್ತಿದ್ ಬೆಟ್ನ ಯಾಕೆ ತೆಗೀನಿಲ್ಲ ನೀನು?’

‘ಯಾರೂ ಬುಡು ಅನ್ನಲಿಲ್ವಲ್ಲ ಮಗ!’

ಅದೇ ನೋಡು. ರೇಸನ್ ಅಂಗ್ಡೀಲಿ ನಮ್ಮ ಶಿವಯ್ಯ ಮಿಸೀನು ಮುಂದೆ ಇಡ್ತಾನೆ, ನಾವು ಎಬ್ಬೆಟ್ಟು ಇಕ್ತೀವಿ. ಕೆಂಪ್ ಲೈಟು, ಅಸ್ರು ಲೈಟು, ಒಂದ್ಸಾರಿಗೆ ಬೀಳಲ್ಲ. ಅವ್ನು ‘ಆಯ್ತು, ಬುಡವ್ವ’ ಅನ್ನೋಗಂಟ ಎತ್ತಂಗಿಲ್ಲ. ಮದ್ಲೇ ಎತ್ತಿದ್ರೆ ‘ಅಯ್ಯೋ, ಮತ್ತೆ ಇಕ್ಕವ್ವ’ ಅಂತ ಬೈತಾನೆ. ಇಷ್ಟ್ ವರ್ಸದಿಂದ ನಮ್ ಬೆಟ್ಟು ಕಲ್ತಿರೋದೇ ಅದು, ಬುಡು ಅನ್ನೋಗಂಟ ಇಡ್ಕೋ ಅಂತ. ಮೋಹಿನಿ ಮಾರ್ನೆ ದಿನ ಕಾಲೇಜಿಗೆ ರಜ ಆಕ್ಬುಟ್ಟು ಶಿವಯ್ಯನ್ ಅಂಗ್ಡೀಲಿ ಅಕ್ಕಿ ಮೂಟೆ ಮ್ಯಾಲೆ ಕೂತಿದ್ಲು, ಬರೋರ್ ಕೈಯೇ ನೋಡ್ಕಂಡು. ಶಿವಯ್ಯ ನಂಗಂದ, ‘ಯಾಕವ್ವ, ನಿನ್ ಮೊಮ್ಮಗ್ಳು ಕೈ ನೋಡಿ ಸಾಸ್ತ್ರ ಯೋಳಾಕ್ ಸುರು ಮಾಡುದ್ಲಾ?’

ಆವತ್ತಿಂದ ಅವಳ್ ಬಟನ್ನಿನ ನ್ಯಾಯ ಬದ್ಲಾಯ್ತು. ಎಷ್ಟ್ ಗಳಿಗೆ ಇಡ್ಕಂಡಿದ್ರೂ ಒತ್ತಿದ್ದು ಒತ್ತಿದ್ದೇಯ, ಒಂದ್ಸಾರೀನೇ ಲೆಕ್ಕ. ಬೆಟ್ಟು ತಾಕಿದ್ ತಕ್ಸಣ ಬಟನ್ನು ಬಣ್ಣದಲ್ಲಿ ತುಂಬ್ಕತದೆ, ಆಯ್ತು ಕಣವ್ವ ಅನ್ನಂಗೆ. ಮನೇಲೂ ಒಂದು ನೇಮ ಆಯ್ತು. ಬಟನ್ನಲ್ಲಿ ಏನ್ ಬದ್ಲಾಯ್ಸಿದ್ರೂ ನಾನ್ ಒತ್ತಿ ನೋಡ್ದೆ ಈಚೆಗ್ ಬುಡಂಗಿಲ್ಲ. ರಾಗಿ ಇಟ್ಟಿನ್ ಕೈಲೂ ಒತ್ತೀವ್ನಿ, ಉಣಸೆಣ್ಣಿನ್ ಕೈಲೂ ಒತ್ತೀವ್ನಿ. ಪರದೆ ಅವ್ಳೇ ಒರುಸ್ಕತಾಳೆ.

ಜೊತೇಲಿ ಕೆತ್ತೋರು ರೇಗುದ್ರು. ಲೋಕದಲ್ಲೆಲ್ಲ ಇಡ್ಕಂಡ್ರೆ ಬೇರೆ ಪಟ್ಟಿ ಬರ್ಬೇಕು, ಅದೇ ಪದ್ಧತಿ, ನಿನ್ ಒಬ್ಳದೇನು ಅಂತ. ಅವ್ಳು ವಾಪಸ್ ಬರ್ದಿದ್ನ ನಂಗೆ ಓದಿ ಯೋಳುದ್ಲು: ‘ನಿಮ್ ಲೋಕದಲ್ಲಿ ನಮ್ಮಜ್ಜಿ ಇಲ್ವಾ?’

ಕಾಲೇಜು ರಜದ್ ಒಂದಿನ ಮನೆ ಮುಂದೆ ಕಾರು ನಿಂತ್ಕತು. ಬಂದೋನು ಬೆಂಗ್ಳೂರಿನ ಒಂದು ಕಂಪನಿಯೋನು, ಜಯಪ್ರಕಾಶ್ ಅಂತ ಎಸ್ರು. ಆ ಮಳವಳ್ಳಿ ಮಿಸೀನು ಇಟ್ಟಿರೋದು ಅವ್ರೇಯ. ಅಂಥವು ನೂರಾರು ಇಟ್ಟವ್ರಂತೆ, ಎಲ್ಲಾ ಜಗ್ಲಿ ಅಚ್ಚೇಯ. ಬೆಟ್ಟು ಇಡ್ಕಂಡಾಗ ಬತ್ತದಲ್ಲ ಜಾಹೀರಾತು, ಅದ್ರಲ್ಲೇ ಅವ್ರ ಸಂಪಾದ್ನೆ. ಇವಳ್ ಒಸ ಜಗ್ಲಿ ಆಕ್ಕಂಡ್ರೆ ಅದು ಓಯ್ತದೆ, ಅಳೇದ್ನೇ ಇಟ್ಕಂಡ್ರೆ ಮುಂದಿನ್ ತಿದ್ದುಪಡಿ ಸಿಗಲ್ಲ. ಅದಕ್ಕೆ ಬಂದಿದ್ದು. ಜಗ್ಲಿನ ಕಂಪನಿ ಎಸ್ರಿಗೆ ಬರ್ದುಕೊಡ್ಬೇಕು, ಆ ಬದ್ಲಾವಣೆ ತಗಿಬೇಕು, ಇವಳ್ಗೆ ದೊಡ್ ಕೆಲ್ಸ ಕೊಡ್ತೀವಿ ಅಂತ ಕಾಗ್ದ ಇಟ್ಟೋದ. ಒಟ್ಟು ಅನ್ನೊಂದು ಆಳೆ.

ಸುಳ್ಯಾಕ್ ಯೋಳ್ಲಿ, ನಂಗೂ ಆಸೆ ಆಯ್ತು. ಪ್ರಸನ್ನ ಅಂತೂ ಕುಣಿದ್ಬುಟ್ಟ. ‘ಅವ್ವ, ನೀನಾದ್ರೂ ಯೋಳು. ಇಂಥದ್ದು ಮತ್ತೆ ಬತ್ತದಾ? ಸುಮ್ಕೆ ಸೈನ್ ಆಕು ಅನ್ನು.’

ಆ ‘ಸುಮ್ಕೆ’ ಅಂದ್ನಲ್ಲ, ಆಗ ನಂಗೆ ಅಳೇದು ನೆಪ್ಪಾಯ್ತು. ನಮ್ಮ ಯಜಮಾನ್ರು ಮರಿಯಯ್ಯ ಅಂಗೇಯ ಒಂದ್ಸಾರಿ ಸುಮ್ಕೆ ಎಬ್ಬೆಟ್ಟು ಒತ್ತಿದ್ರು. ನೀರಿನ ಅರ್ಜಿ ಒತ್ತಪ್ಪ ಅಂದವ್ರೆ, ಒತ್ತವ್ರೆ. ನಾಲೆ ಪಕ್ಕದ ನಮ್ ತುಂಡು ಜಮೀನು ಆ ಕಾಗ್ದದ್ ಜೊತೇಲೇ ಓಯ್ತು. ಸಾಯೋಗಂಟ ಆ ಬೆಟ್ನ ಮಡುಚ್ಕಂಡೇ ಇರೋರು ಕಣವ್ವ, ಉಣ್ಣೋವಾಗ್ಲೂ. ಅವತ್ತಿಂದ ನಮ್ಮನೇಲಿ ಓದ್ದೆ ಯಾವ್ದಕ್ಕೂ ಒತ್ತಂಗಿಲ್ಲ.

‘ಓದವ್ವ ಎಲ್ಲಾನೂ, ನಂಗೆ ತಿಳಿಯಂಗೆ’ ಅಂದೆ. ಎರಡು ಸಂಜೆ ಓದುದ್ಲು. ಅವರೆಕಾಯಿ ಸುಲೀತಾ ಕೇಳ್ದೆ. ಒಂಬತ್ನೇ ಆಳೆಗೆ ಬಂದಾಗ ಅವಳ್ ದನಿ ಸಣ್ಣಗಾಯ್ತು.

‘ಏನಂತೆ?’

‘ಇವತ್ತಿನ ಗಂಟ ಕೊಟ್ಟಿರೋದ್ನ ಯಾರೂ ಕಿತ್ಕಳಕಾಗಲ್ಲ. ನಾಳಿಂದ ಮಾಡೋದ್ನೆಲ್ಲ ಅವ್ರು ಬೇಕಂದ್ರೆ ಬೀಗ ಆಕ್ಬೋದು ಅಜ್ಜಿ.’

‘ಅಂದ್ರೆ ಕೂತಿರೋರ್ನ ಇಳುಸ್ಬೋದು ಅನ್ನು.’

ಅವ್ಳು ನನ್ ಮೊಕಾನೇ ನೋಡುದ್ಲು. ಬಾಕಿ ಎರಡು ಆಳೇನೂ ಓದಿ ಮುಗ್ಸಿದ್ಲು. ಅರ್ಧಕ್ಕೆ ಬುಡೋಳಲ್ಲ.

ಜಯಪ್ರಕಾಶ್ ಮತ್ತೆ ಬಂದ. ಅವ್ನ ಕೈಲಿ ಮಣೆಯಂಗೆ ಒಂದು ಪರದೆ. ‘ನೋಡಿ ಅಜ್ಜಿ, ಎಷ್ಟು ಚೆನ್ನಾಗಿದೆ’ ಅಂತ ನನ್ ಮುಂದಕ್ಕಿಟ್ಟ. ಎಬ್ಬೆಟ್ಟು ಇಕ್ಕಿ ಇಡ್ಕಂಡೆ. ಬಂತು ಅದೇ ಕನ್ನಡಕದ್ ಅಂಗ್ಡಿ.

‘ಹಾಗಲ್ಲ ಅಜ್ಜಿ, ಮೆತ್ತಗೆ ಮುಟ್ಟಿ ತಕ್ಷಣ ಬಿಡಬೇಕು. ಸ್ವಲ್ಪ ಕಲಿತುಕೊಳ್ಳಿ.’

‘ನನ್ ಬೆಟ್ಟಿಗೆ ಎಪ್ಪತ್ತಾರು ವರ್ಸ. ನಿನ್ ಬಟನ್ನು ನೆನ್ನೆ ಉಟ್ಟಿದ್ದು. ಯಾರಪ್ಪ ಕಲೀಬೇಕು?’ ಅಂದೆ.

ಮೋಹಿನಿ ಕಾಗ್ದ ವಾಪಸ್ ಕೊಟ್ಲು. ಸೈನ್ ಇಲ್ಲ. ಅವ್ನು ನಗ್ತಾನೇ ಅಂದ, ‘ನೋಡಮ್ಮ, ನಾವು ನಿಂದನ್ನೇ ನಕಲು ಮಾಡಿಕೊಂಡು ನಮ್ಮ ಹೆಸರಲ್ಲಿ ನಡೆಸಬಹುದು. ನಿನ್ನ ಜೊತೆಯವರೆಲ್ಲ ನಮ್ಮ ಕಡೆ ಬರ್ತಾರೆ. ಆಮೇಲೆ ನೀನೊಬ್ಬಳೇ.’

‘ತಕ್ಕಂಡೋಗಿ ಸಾರ್, ಬೇಡ ಅಂದೋರ್ ಯಾರು? ಜಗ್ಲಿ ಮ್ಯಾಲೆ ನಿಮ್ಗೂ ಜಾಗ ಅದೆ. ಎಸ್ರು ಕೊಡಲ್ಲ. ಬಟನ್ನೂ ಬದ್ಲಾಯ್ಸಲ್ಲ. ನಾನೊಬ್ಳೇ ಇರ್ತೀನಿ.’

ಪ್ರಸನ್ನ ಸಿಟ್ಟು ಮಾಡ್ಕಂಡು ಉಣ್ದೇನೇ ಕೆಲ್ಸಕ್ಕೋದ. ಕಂಪನಿಯೋನು ಅಂದಂಗೇ ಮಾಡ್ದ. ಜೊತೇಲಿ ಕೆತ್ತೋರಲ್ಲಿ ನಾಕ್ ಜನ ಅತ್ಲಾಗೆ ಓದ್ರು. ಅದ್ರಲ್ಲೊಬ್ಬ ನಾಕು ವರ್ಸದಿಂದ ಜೊತೇಲಿ ಜಗಳ ಆಡ್ಕಂಡಿದ್ದೋನು. ಅವ್ನು ಓಗಿದ್ದು ಇವಳ್ಗೆ ಬೇಜಾರಾಯ್ತು. ಮೂರು ದಿನ ಕಿಟ್ಕಿ ತಾವ ಕೂರ್ನಿಲ್ಲ. ನಾಕ್ನೇ ದಿನ ಕರುದ್ಲು, ‘ಅಜ್ಜಿ, ಬಟನ್ ಒತ್ತು ಬಾ.’ ಕೈಲಿ ಸೊಪ್ಪಿನ ಮಣ್ಣಿತ್ತು. ಅಂಗೇ ಓಗಿ ಒತ್ತುದೆ.

ಇವ್ಳು ಒಬ್ಳೇ ಆದ್ಲಲ್ಲ, ಅದಕ್ಕೇ ನಾನ್ ಮತ್ತೆ ಮಳವಳ್ಳಿಗೆ ಓದೆ. ಮೋಹಿನಿಗೆ ಯೋಳ್ನಿಲ್ಲ, ಮಲ್ಲಿಗಮ್ಮನ್ ಕರ್ಕಂಡೋದೆ. ಅದೇ ಮಿಸೀನು. ಎಬ್ಬೆಟ್ಟು ಇಕ್ದೆ. ಜಾಹೀರಾತು ಬಂತು. ಎತ್ನಿಲ್ಲ. ಕಾವಲಿನ ಮಹದೇವು ಬಂದ, ‘ಅಜ್ಜಿ, ಬೆಟ್ ತೆಗೀರಿ’ ಅಂದ.

‘ಟೋಕನ್ ಬರ್ಲಿ, ತೆಗೀತೀನಿ.’

‘ಅಂಗಲ್ಲ ಅಜ್ಜಿ, ಬುಟ್ಟು ಮತ್ತೆ ಒತ್ಬೇಕು.’

‘ರೇಸನ್ ಅಂಗ್ಡೀಲಿ ಇಡ್ಕಳ್ರಿ ಅಂತೀರ, ಇಲ್ಲಿ ಬುಡ್ರಿ ಅಂತೀರ. ಮದ್ಲು ನೀವ್ನೀವೇ ಮಾತಾಡ್ಕಳ್ರಪ್ಪ. ಅಲ್ಲೀಗಂಟ ನಾನ್ ಇಲ್ಲೇ ಇರ್ತೀನಿ.’

ಸಾಲು ಬಾಗ್ಲು ದಾಟ್ತು. ಈ ಸಾರಿ ಎಬ್ಬೆಟ್ಟಮ್ಮ ಅಂತ ಯಾರೂ ಕೂಗ್ನಿಲ್ಲ, ಯಾಕಂದ್ರೆ ಸಾಲಲ್ಲಿ ಇದ್ದೋರೆಲ್ಲ ನನ್ನಂಥ ಮುದುಕೀರೇಯ. ಒಬ್ಳು ಅಂದ್ಲು, ‘ನಂಗೂ ಓದ್ವಾರ ಇಂಗೇ ಆಯ್ತು ಕಣಕ್ಕ, ನಂಗೇ ಬುದ್ಧಿ ಇಲ್ಲ ಅನ್ಕಂಡು ಓಗ್ಬುಟ್ಟೆ.’ ಇನ್ನೊಬ್ಳು, ‘ನಂಗೂ’ ಅಂದ್ಲು. ಕಾಲು ನೋಯ್ತು. ಮಲ್ಲಿಗಮ್ಮ ಸ್ಟೂಲು ತಂದ್ಕೊಟ್ಲು, ಕೂತ್ಕಂಡೇ ಇಡ್ಕಂಡಿದ್ದೆ. ಕೊನೆಗೆ ದೊಡ್ ಡಾಕ್ಟ್ರಮ್ಮ ಈಚೆಗ್ ಬಂದ್ರು. ಬೈತಾರೆ ಅನ್ಕಂಡೆ. ಅವ್ರು ಮಿಸೀನು ನೋಡುದ್ರು, ನನ್ ಬೆಟ್ಟು ನೋಡುದ್ರು, ‘ಎಷ್ಟು ಜನಕ್ಕೆ ಹೀಗಾಗಿದೆ?’ ಅಂದ್ರು. ಸಾಲಲ್ಲಿ ಕೈ ಎದ್ವು. ಎಷ್ಟು ಅಂತ ನಾನ್ ಎಣಿಸ್ನಿಲ್ಲ, ಒಂದು ಕಣ್ಣು ಮಂಜು. ಮಲ್ಲಿಗಮ್ಮ ಮಾತ್ರ ಎರಡೂ ಕೈ ಎತ್ತಿದ್ಲು, ಅದು ನಂಗ್ ಕಾಣ್ತು.

ಡಾಕ್ಟ್ರಮ್ಮ ಆವತ್ತು ಚೀಟಿ ಬರ್ಸಿ ಎಲ್ಲಾರ್ನೂ ಒಳಿಕ್ ಕರುದ್ರು. ಇದು ಸರಿ ಆಗ್ದಿದ್ರೆ ಮಿಸೀನ್ ಎತ್ಕಂಡೋಗಿ ಅಂತ ಕಂಪನಿಗೆ ಕಾಗ್ದ ಬರುದ್ರಂತೆ. ಕಂಪನಿಯೋರ್ ತಾವ ಸರಿ ಮಾಡೋ ದಾರಿ ಒಂದೇ ಇದ್ದದ್ದು. ಮೋಹಿನಿ ಬದ್ಲಾಯ್ಸಲ್ಲ ಅಂದಿದ್ಲಲ್ಲ, ಅದೇ ಜಗ್ಲಿನ ತಕ್ಕಂಡೋಗಿ ಆಕುದ್ರು. ಕೇಳ್ದೇನೇ ತಕ್ಕಂಡ್ರು. ಕೇಳ್ಬೇಕಾಗೂ ಇಲ್ಲ, ಅದಿರೋದೇ ಅಂಗೆ. ಮಳವಳ್ಳಿ ಒಂದ್ರಲ್ಲೇ ಆಕಿರೋದು, ಮಿಕ್ಕಿದ್ ಮಿಸೀನೆಲ್ಲ ಅಂಗೇ ಅವೆ. ಅಲ್ಲೂ ನನ್ನಂಥೋರು ಇರ್ತಾರಲ್ಲ, ಬುಡು. ಓದ ನಾಕ್ ಜನದಲ್ಲಿ ಒಬ್ಬ ವಾಪಸ್ ಬಂದ. ಅದೇ ಜಗಳಗಂಟ. ಬಂದಿದ್ ದಿನಾನೇ ಜಗಳ ಸುರು ಮಾಡ್ದ, ಇವಳ್ ಮೊಕದಲ್ಲಿ ನಗು ನೋಡ್ಬೇಕಿತ್ತು ನೀನು. ಪ್ರಸನ್ನ? ಅವ್ನು ಈಗ ಕಂಬ ಅತ್ತಿದ್ ಮನೇಲೆಲ್ಲ ‘ನನ್ ಮಗ್ಳು’ ಅಂತಾನೆ.

ಕಣ್ ಆಪರೇಸನ್ ದಿನ ನಾನು, ಮೋಹಿನಿ, ಮಲ್ಲಿಗಮ್ಮ ಮೂವರೂ ಓದ್ವಿ. ಮೋಹಿನಿ ದೂರ ನಿಂತ್ಕಂಡು ನನ್ ಕೈನೇ ನೋಡ್ತಿದ್ಲು. ಕಣ್ಣಿನ ಚಿತ್ರದ್ ಮ್ಯಾಲೆ ಎಬ್ಬೆಟ್ಟು ಇಕ್ದೆ. ಬಟನ್ನು ಬಣ್ಣ ತುಂಬ್ಕತು. ಇಡ್ಕಂಡೇ ಇದ್ದೆ. ಕೆಳಗಡೆ ಟೋಕನ್ನು ಬಂದು ನೇತಾಡ್ತಿತ್ತು, ಆದ್ರೂ ಬೆಟ್ಟು ಎತ್ನಿಲ್ಲ ನಾನು. ಇಂದ್ಗಡೆಯಿಂದ ಮಲ್ಲಿಗಮ್ಮ ಕೂಗುದ್ಲು, ‘ಆಯ್ತು, ಬುಡಕ್ಕ!’

ಆಗ ಎತ್ತುದೆ.