ಐದಕ್ಕೇ ಹೋಗುತ್ತಿದ್ದ ಆನೆ

ಮೊನ್ನೆ ಹೊನ್ನಾಳಿಯಲ್ಲಿ ಮಗಳ ಅಂಕಪಟ್ಟಿ ಜೆರಾಕ್ಸ್ ಮಾಡಿಸುವಾಗ ಬಿಸಿ ಹಾಳೆಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಅಂಗಡಿ ಸಾರ್ ಎದುರಿಗೇ ಬಂದು ಕೂತಂತಾಯಿತು.

ತಾಲ್ಲೂಕು ಕಚೇರಿ ಎದುರು ಅವರದು ಕ್ರಯಪತ್ರ ಟೈಪ್ ಮಾಡುವ ಅಂಗಡಿ. ನಾನಲ್ಲಿ ಟೈಪಿಸ್ಟ್. ಟೈಪ್ ಮಾಡಿದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು. ಅದು ಅವರ ಕಟ್ಟಳೆ. "ಸರ್ವೆ ನಂಬರಿನಾಗೆ ಒಂದಂಕಿ ತಪ್ಪಿದ್ರೆ ಇನ್ನೊಬ್ರ ಹೊಲ ಬರ್ಕೊಟ್ಟಂಗೆ ಆಗ್ತೈತೆ, ತಾಯಿ," ಎನ್ನುತ್ತಿದ್ದರು.

ಬಿಡುವಿದ್ದಾಗ ಅವರು ಎರಡು ಚೆಸ್ ಪ್ರೋಗ್ರಾಂಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಆಡಲು ಬಿಟ್ಟು, ಪ್ರತಿ ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆಮೇಲೆ ಕಂಪ್ಯೂಟರಿನಲ್ಲಿದ್ದ ನಡೆಗಳ ಸಮೇತ ಫಲಿತಾಂಶವನ್ನು ಇಂಟರ್‌ನೆಟ್ಟಿನ ಒಂದು ಗುಂಪಿಗೆ ಕಳಿಸುತ್ತಿದ್ದರು. ಕೆಲಸವಿಲ್ಲದ ಬಡಗಿಯ ಗಾದೆ ಹೇಳಿ ಊರವರು ನಗುತ್ತಿದ್ದರು. ಆ ಗುಂಪಿನಲ್ಲಿ ಮಾತ್ರ, ದೇಶವಿದೇಶದವರು ಅವರ ಮಾತನ್ನು ನಂಬುತ್ತಿದ್ದರು. ಅವರಿಗೆ ಅಷ್ಟು ಸಾಕಿತ್ತು.

ಒಂದು ಮಧ್ಯಾಹ್ನ ಆಟದ ನಡುವೆ ಕರೆಂಟ್ ಹೋಗಿ ಎಲ್ಲ ಅಳಿಸಿಹೋಯಿತು. ಮತ್ತೆ ಬಂದಾಗ ಸಾರ್ ಊಟಕ್ಕೆ ಹೋಗಿದ್ದರು. ನೋಟ್‌ಬುಕ್ ನೋಡಿಕೊಂಡು ನಾನೇ ನಡೆಗಳನ್ನು ಮೊದಲಿಂದ ಹಾಕಿ ಆಟ ಮುಂದುವರಿಸಿದೆ. ತಾಳೆ ನೋಡಲಿಲ್ಲ. ಯಾರಿಗೂ ಗೊತ್ತಿಲ್ಲದ ಚಿಕ್ಕ ಪ್ರೋಗ್ರಾಂ ಹೆಸರಾಂತ ಪ್ರೋಗ್ರಾಂ ಒಂದನ್ನು ಸೋಲಿಸಿಬಿಟ್ಟಿತು. ಸಾರ್ ಹಿಗ್ಗಿ ಹೀರೇಕಾಯಿಯಾಗಿ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು.

ವಾರದೊಳಗೆ ಗುಂಪಿನಲ್ಲಿ ತಕರಾರು ಎದ್ದಿತು. ಆಟದ ಒಂದು ಹಂತದಲ್ಲಿ, ತಾವು ಆಡಿಸಿ ನೋಡಿದಾಗಲೆಲ್ಲ, ದೊಡ್ಡ ಪ್ರೋಗ್ರಾಂ ಆನೆಯನ್ನು ಐದನೇ ಮನೆಗೆ ಒಯ್ಯುತ್ತದೆಯೇ ಹೊರತು ಆರಕ್ಕಲ್ಲ. ಈ ಆಟ ಬರೀ ಕಟ್ಟುಕತೆ ಎಂದರು. ಸಾರ್ ನಕ್ಕರು.

"ನೋಟ್‌ಬುಕ್ ಐತಲ್ಲ! ನೀವು ತಾಳೆ ನೋಡಿಡ್ರಿ. ಫೋಟೋ ತೆಗೆದು ಹಾಕಾಣ," ಎಂದು ಕಚೇರಿಗೆ ಹೋದರು.

ತೆರೆದು ನೋಡಿದೆ. ಅವರ ಕೈಬರಹದಲ್ಲಿ ಐದು ಎಂದೇ ಇತ್ತು. ನಡೆಗಳನ್ನು ಮತ್ತೆ ಹಾಕುವಾಗ ಆನೆಯನ್ನು ಒಂದು ಮನೆ ಮುಂದೆ ಇಟ್ಟವಳು ನಾನು. ಕೆಲಸ ಹೋಗುವ ಭಯವಿರಲಿಲ್ಲ. ತಾಳೆ ನೋಡಲಿಲ್ಲವೆಂದು ಅವರೆದುರು ಹೇಳಲು ನಾಚಿಕೆ. ಇಂಗ್ಲಿಷ್ ಐದನ್ನು ಆರು ಮಾಡಲು ಒಂದು ಗೆರೆ ಸಾಕು. ಅವರದೇ ಪೆನ್ನು ಮೇಜಿನ ಮೇಲಿತ್ತು...

ಫೋಟೋ ನೋಡಿದವರು, ಸುಳ್ಳನ್ನು ಕೈಯಾರೆ ಬರೆದಿಟ್ಟಿದ್ದೀರಿ ಎಂದರು. ಸಾರ್ ಕಳಿಸಿದ್ದ ಹಳೆಯ ಫಲಿತಾಂಶಗಳನ್ನೆಲ್ಲ ಅಳಿಸಿ, ಅವರನ್ನು ಗುಂಪಿನಿಂದಲೇ ತೆಗೆದರು.

ಆಮೇಲೆ ಸಾರ್ ಆ ಒಂದು ನಡೆಯನ್ನೇ ಮತ್ತೆ ಮತ್ತೆ ಆಡಿಸುತ್ತ ಕೂರುತ್ತಿದ್ದರು. ಪ್ರತಿ ಸಲ ಆನೆ ಐದಕ್ಕೇ ಹೋಗುತ್ತಿತ್ತು.

"ಅವತ್ತು ಆರಕ್ಕೆ ಹೋಗಿತ್ತಲ್ವೇನಮ್ಮ? ನನ್ ಮ್ಯಾಲೆ ನನಗೇ ಅನುಮಾನ ಬರ್ತೈತೆ."

"ಹೌದು ಸಾರ್, ಆರಕ್ಕೇ."

ದಿನಾ ಕೇಳುತ್ತಿದ್ದರು, ದಿನಾ ಹೇಳುತ್ತಿದ್ದೆ. ಇಂದಿಗೂ ನಿದ್ದೆ ಕೆಡಿಸುವುದು ಆ ಪ್ರಶ್ನೆಯೇ. ಬರಬರುತ್ತ ಕ್ರಯಪತ್ರದ ಅಂಕಿಗಳನ್ನೂ ಮೂರು ಮೂರು ಸಲ ಓದಿಸತೊಡಗಿದರು. ತಮ್ಮ ಕಣ್ಣನ್ನೇ ನಂಬದಾದರು. ಅಂಗಡಿ ಮುಚ್ಚಿತು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಮನಸ್ಸು ತಡೆಯದೆ ಜೆರಾಕ್ಸ್ ಅಂಗಡಿಯಿಂದಲೇ ಸಾಸ್ವೆಹಳ್ಳಿ ಬಸ್ ಹತ್ತಿ, ಅವರ ಹೆಂಡತಿಯ ಮುಂದೆ ಹೋಗಿ ಕೂತೆ. ಹೇಳಿಯೇಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ನನ್ನ ಕೈ ಹಿಡಿದುಕೊಂಡರು.

"ಎಲ್ಲಾರೂ ಸುಳ್ಳ ಅಂದ್ರು. ನೀವೊಬ್ರೇ ನೋಡ್ರಿ, ಅವ್ರನ್ನ ನಂಬಿದ್ದು. ಹೋಗೋ ದಿನಾನೂ ನಿಮ್ಮ ಹೆಸರು ಹೇಳಿದ್ರು."

ಅವರು ಕೊಟ್ಟ ಚಹಾ ಕುಡಿದೆ. ಎದ್ದು ಬಂದೆ.