ಆರಾಮ ಅದೀನಿ ಎನ್ನುವ ದೊಡ್ಡವ್ವ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತು ತಪ್ಪಿದ್ದರೆ ಕ್ಷಮಿಸಿ. ನಮ್ಮ ದೊಡ್ಡವ್ವ ಬಂಡೆಮ್ಮನ ಬಗ್ಗೆ ಬರೆಯುತ್ತಿದ್ದೇನೆ.

ಯಾದಗಿರಿ ಕಡೆಯಿಂದ ಬಂದ ದೊಡ್ಡವ್ವ ತೆಲುಗು ಸೀಮೆಯ ಜೀಡಿಮೆಟ್ಲಾದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ಮೊಣಕೈ ಮೇಲೆ ಮೊದಲಿನಿಂದಲೂ ಬಿಳಿ ಹೊಪ್ಪಳೆ ಏಳುತ್ತಿತ್ತು. ಸೋರಿಯಾಸಿಸ್ ಎಂದು ಮುಲಾಮು ಹಚ್ಚುತ್ತಿದ್ದಳು. ಆಮೇಲೆ ಬೆರಳುಗಳು ಬುಡದಿಂದ ತುದಿಯವರೆಗೆ ಊದಿಕೊಂಡವು. ಈಗ ರೊಟ್ಟಿಯನ್ನು ಅಂಗೈ ಬುಡದಿಂದ ತಟ್ಟುತ್ತಾಳೆ. ಅವಳ ಜಡೆ ಹಾಕುವುದು, ಸೀರೆ ನಿರಿಗೆ ಹಿಡಿಯುವುದು ನಾನು.

ಬೇಗಂಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಶರ್ವರಿ ಕನ್ನಡದವರು. ಕೀಲುಬೇನೆಯವರ ರಕ್ತದಲ್ಲಿ ಕಾಣುವ ಎರಡು ಪ್ರತಿಕಾಯಗಳಿಗೆ ಪರೀಕ್ಷೆ ಮಾಡಿಸಿದ್ದರು. ಎರಡೂ ಇರಲಿಲ್ಲ.

"ರಕ್ತದಾಗ ಇಲ್ಲಂದ್ರ ರೋಗ ಇಲ್ಲ ಬಿಡ್ರಿ" ಎಂದು ದೊಡ್ಡವ್ವ ಹಿಗ್ಗಿದಳು.

"ಹಂಗಲ್ಲರಿ. ಚರ್ಮದ ಬ್ಯಾನಿ ಕೀಲಿಗೆ ಇಳಿದಾಗ ಭಾಳ ಮಂದಿಗೆ ಇವು ಕಾಣಂಗಿಲ್ಲ. ದಿನಾ ಹೆಂಗ ಹೋಗತೈತಿ ಅಂತ ನೀವು ಹೇಳಬೇಕು. ಈಗ ಈ ಗುಳಿಗಿ ಕೊಡತೀನಿ, ಸಾಲದಿದ್ದರ ಬದಲಿ ಮಾಡೋಣ. ತಡಾ ಆದರ ಬೆರಳು ಸೊಟ್ಟ ಆಗಿ ಹಂಗೇ ನಿಲ್ಲತಾವು."

ಆದರೆ ಯಾರು ಕೇಳಿದರೂ ಆರಾಮ ಎನ್ನುವುದು ನಮ್ಮ ಮಂದಿಯ ರೂಢಿ. ಹೋದ ವಾರ ಹೋದಾಗ ಊತ ತುಸು ಇಳಿದಿತ್ತು, ನೋವು ಇಳಿದಿರಲಿಲ್ಲ.

"ಹೆಂಗ ಅದೀರಿ ಬಂಡೆಮ್ಮಾರ?"

"ಆರಾಮ ಅದೀನ್ರಿ. ನೀವು ಆರಾಮ?"

ಡಾಕ್ಟರ್ ನಕ್ಕು ಅದೇ ಗುಳಿಗೆ ಬರೆಯತೊಡಗಿದರು. ನಾನು ಹೇಳಬೇಕೆಂದುಕೊಂಡೆ, ಆದರೆ ದೊಡ್ಡವ್ವನ ಎದುರೇ ಅವಳ ಮಾತು ಸುಳ್ಳು ಎನ್ನುವುದು ಹೇಗೆ? ಅಷ್ಟರಲ್ಲಿ ದೊಡ್ಡವ್ವ ನೀರು ಕೇಳಿದಳು. ಯಾವಾಗಲೂ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತೇನೆ. ಅವತ್ತು ತೆಗೆಯದೆ ಕೊಟ್ಟೆ.

ಅವಳು ನನ್ನನ್ನೇ ನೋಡಿದಳು. ಎರಡೂ ಅಂಗೈಯಲ್ಲಿ ಮುಚ್ಚಳ ಒತ್ತಿ ತಿರುಗಿಸಿದಳು, ಜಾರಿತು. ಕೊನೆಗೆ ಹಲ್ಲಿನಿಂದ ಕಚ್ಚಿದಳು.

ಡಾಕ್ಟರ ಪೆನ್ನು ನಿಂತಿತು. "ಜಡಿ ಯಾರು ಹಾಕತಾರ?"

"ಈಕೀನರಿ."

"ಬೆಳಿಗ್ಗಿ ಎದ್ದಾಗ ಮುಷ್ಟಿ ಕಟ್ಟಾಕ ಬರತೈತೇನು?"

ದೊಡ್ಡವ್ವ ತಲೆ ತಗ್ಗಿಸಿದಳು. "ಬಿಸಲು ಏರೋತನಾ ಬರಂಗಿಲ್ರಿ."

ಆಮೇಲೆ ಒಂದೊಂದೇ ಹೇಳಿದಳು. ಔಷಧ ಬದಲಾಯಿತು. ಅದನ್ನು ಶುರುಮಾಡುವ ಮೊದಲು ಇನ್ನೊಂದು ರಕ್ತ ಪರೀಕ್ಷೆ ಆಗಬೇಕು.

ಬಸ್ಸಿನಲ್ಲಿ ದೊಡ್ಡವ್ವ ನನ್ನ ಕಡೆ ತಿರುಗಿದಳು. "ಮೂಗಿ ಹಂಗ ಕುಂತು ಎಲ್ಲಾ ಹೇಳಿಬಿಟ್ಟೆಲ್ಲ! ಮುಷ್ಟಿ ಕಟ್ಟಾಕ ಬರಲಿ, ಮೊದಲ ಗುದ್ದು ನಿನಗ" ಎಂದಳು.

ನಾಳೆ ಅವಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಬಾಟಲಿಯ ಮುಚ್ಚಳವನ್ನು ಮನೆಯಲ್ಲೇ ಸಡಿಲ ಮಾಡಿ ಒಯ್ಯುತ್ತೇನೆ.