ಟೈಲ್ಸ್ ಮಾವನ ರೇಟು

ನೆಂಟರೆಲ್ಲ ಟೈಲ್ಸ್ ಮಾವ ಅಂತಲೇ ಕರೆಯುವ ಈ ಮನುಷ್ಯ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ನೆಲವನ್ನು. ಚಪ್ಪಲಿ ಬಿಟ್ಟವನೇ ಹಿಮ್ಮಡಿ ಊರಿ ನೋಡುತ್ತಾನೆ, ಕುಕ್ಕರುಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ಟಕಟಕ ಬಡಿಯುತ್ತಾನೆ, ಪೊಳ್ಳು ಸದ್ದು ಬಂತೋ, ಲಾಟರಿ ಹೊಡೆದವನಂತೆ ಮುಖ ಅರಳುತ್ತದೆ. "ಅಡಿಗೆ ಎಷ್ಟು ಬಿತ್ತು? ಕೂಲಿ ಸೇರಿಸಿಯೋ, ಬಿಟ್ಟೋ?" ಆಮೇಲೆ ಕಾಫಿ ಆರಿದರೂ ಲಕ್ಷ್ಯವಿಲ್ಲ. ಅವನ ಲೆಕ್ಕದಲ್ಲಿ ಬಂದರಿನ ಊರಲ್ಲಿ ಟೈಲ್ಸ್ ಅಗ್ಗ, ಕೂಲಿ ಕೇಳಿದರೆ ಎದೆ ಒಡೆಯುತ್ತದೆ. ಗುಡ್ಡದ ಊರಲ್ಲಿ ಲಾರಿ ಬಾಡಿಗೆಯೇ ಎಲ್ಲವನ್ನೂ ನುಂಗುತ್ತದೆ. ಬಯಲಿನ ಕಡೆಯ ಮೇಸ್ತ್ರಿಗಳು ಚಿನ್ನದಂಥವರು, ಕೈಗೆ ಸಿಗುವುದಿಲ್ಲ ಅಷ್ಟೇ. ಭಾವ ಜಾರಿಬಿದ್ದು ಆಸ್ಪತ್ರೆ ಸೇರಿದಾಗಲೂ ಈತ ಮೊದಲು ವಿಚಾರಿಸಿದ್ದು ಯಾವ ಟೈಲ್ಸ್ ಮೇಲೆ ಅಂತ. "ಹಾಗಾದ್ರೆ ನಮ್ಮನೆಗೆ ಯಾವಾಗ್ರೀ?" ಎಂದು ಹೆಂಡತಿ ಕೇಳಿದರೆ ಮಾತ್ರ, "ರೇಟು ಇಳೀಲಿ, ತಡಿ" ಅನ್ನುತ್ತಾನೆ. ಕೊನೆಗೆ ಅವಳೇ ಬಯಲಿನ ಕಡೆಯ ಮೇಸ್ತ್ರಿಯೊಬ್ಬನನ್ನು ಹುಡುಕಿ ಕರೆಸಿದಳು. ಮಾವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ, ಅಳತೆ ಟೇಪಿನ ತುದಿ ತಾನೇ ಹಿಡಿದು ಬಗ್ಗಿದ. ಅಷ್ಟರಲ್ಲಿ ಕಣ್ಣು ಕಾಣದ ಅವನ ತಾಯಿ ಬರಿಗಾಲಲ್ಲಿ ಕೋಣೆಯಿಂದ ಹೊರಬಂದಳು. ಹಳೇ ಸಿಮೆಂಟು ನೆಲದ ಬಿರುಕು ಹೆಬ್ಬೆರಳಿಗೆ ತಾಗಿದ್ದೇ ಎಡಕ್ಕೆ ತಿರುಗಿದಳು, ಹೊಸ್ತಿಲ ಬಳಿಯ ತಗ್ಗು ಸಿಕ್ಕಿದ್ದೇ ಕಾಲೆತ್ತಿ ದಾಟಿ, ಗೋಡೆ ಮುಟ್ಟದೆ ಅಡುಗೆಮನೆ ಸೇರಿಕೊಂಡಳು. ಮಾವ ಟೇಪು ಬಿಟ್ಟ. "ನಿಮ್ಮ ರೇಟು ನಮಗೆ ಗಿಟ್ಟೋದಿಲ್ಲ ಮೇಸ್ತ್ರಿ" ಅಂದ. ಮೇಸ್ತ್ರಿ ಇನ್ನೂ ರೇಟು ಹೇಳಿರಲೇ ಇಲ್ಲ.